ರಟ್ಟಿನೊಳಗೆ ಬಚ್ಚಿಟ್ಟ ಹೆಣಗಳು

ಆವತ್ತು ಬೆಳಿಗ್ಗೆ ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ನಾನೊಂದು ಘನಘೋರ ಪ್ರತಿಜ್ಞೆ ಮಾಡಿದೆ. ನಮ್ಮ ಮಾವನವರ ಬಾಯಿ ಬಿಡಿಸಿಯೇ ತೀರುತ್ತೇನೆ! ಡಾಕ್ಟರಿಂದಲ್ಲ, ಮಾತ್ರೆಯಿಂದಲ್ಲ, ಕಾದಂಬರಿಯಿಂದ!

"ಏನ್ರೀ ಅದು, ಒಳಗೆ ಒಬ್ಬರೇ ಭಾಷಣ ಮಾಡ್ತಿದ್ದೀರಿ?" ಬಚ್ಚಲಮನೆಯ ಹೊರಗಿನಿಂದ ಹೆಂಡತಿ ಕೇಳಿದಳು.

"ನಿಮ್ಮಪ್ಪನಿಗೆ ಇವತ್ತಿಂದ ಚಿಕಿತ್ಸೆ ಶುರು. ಅವರು ಮಾತಾಡೋವರೆಗೂ ಒಂದಾದ ಮೇಲೊಂದು ಕಾದಂಬರಿ ಕೊಡ್ತೀನಿ!"

"ಮೊದಲು ಬಾಯಿ ಮುಕ್ಕಳಿಸಿ. ಕನ್ನಡಿಯೆಲ್ಲ ಗಲೀಜಾಗಿರುತ್ತೆ."

ಇಂಥ ಪ್ರತಿಜ್ಞೆ ಮಾಡಲು ನನಗೆ ಏನು ಅಧಿಕಾರ ಎಂದು ನೀವು ಕೇಳಬಹುದು. ಅಧಿಕಾರವೇ? ನಾನು ಗ್ರಂಥಾಲಯದ ಬೈಂಡರ್! ಹಿಂದಿನ ಕೋಣೆಯಲ್ಲಿ ಸೂಜಿ, ದಾರ, ಮೈದಾ ಅಂಟು ಇಟ್ಟುಕೊಂಡು ಹರಿದ ಪುಸ್ತಕಗಳಿಗೆ ಮರುಜನ್ಮ ಕೊಡುವವನು. ಯಾವ ಕಾದಂಬರಿ ಎಂಥದ್ದು ಎಂದು ಅದು ಹರಿದ ರೀತಿಯಲ್ಲೇ ಹೇಳಬಲ್ಲೆ. ಪತ್ತೇದಾರಿಯಾದರೆ ಕೊನೆಯ ಹಾಳೆ ಕಿತ್ತಿರುತ್ತದೆ. ಪ್ರೇಮದ್ದಾದರೆ ನಡುವೆ ಎಲ್ಲೋ ಕಣ್ಣೀರು ಬಿದ್ದು ಕಾಗದ ಸುಕ್ಕಾಗಿರುತ್ತದೆ. ಮಕ್ಕಳದ್ದಾದರೆ ಮೂಲೆಯಲ್ಲಿ ಹಲ್ಲಿನ ಗುರುತು. ಐತಿಹಾಸಿಕವಾದರೆ ಮೊದಲ ಅಧ್ಯಾಯ ಮಾತ್ರ ಮಾಸಿರುತ್ತದೆ, ಆಮೇಲಿನದೆಲ್ಲ ಮುಟ್ಟಿದವರಿಲ್ಲದೆ ಹೊಚ್ಚಹೊಸದು. ಇಷ್ಟು ಗೊತ್ತಿದ್ದರೆ ಸಾಲದೇ? ಮಗನಿಗೆ ಯಾವುದು ಕೊಡಲಿ, ನಿದ್ದೆ ಬರದ ಅಮ್ಮನಿಗೆ ಯಾವುದು ಕೊಡಲಿ ಎಂದು ಜನ ಲೈಬ್ರರಿಯನ್‌ರನ್ನು ಬಿಟ್ಟು ನನ್ನ ಕೋಣೆಗೇ ಬರುತ್ತಿದ್ದರು.

"ಇದನ್ನೆಲ್ಲ ನೀವು ಓದಿದ್ದೀರಾ?" ಎಂದು ಕೆಲವರು ಕೇಳುತ್ತಿದ್ದುದುಂಟು. ಅದೆಂಥ ಪ್ರಶ್ನೆ! ಡಾಕ್ಟರು ಬರೆದುಕೊಡುವ ಮಾತ್ರೆಗಳನ್ನೆಲ್ಲ ತಾವೇ ನುಂಗಿ ನೋಡುತ್ತಾರೆಯೇ?

ಇಡೀ ಊರಿಗೆ ಕಾದಂಬರಿ ಸೂಚಿಸುವ ನನ್ನನ್ನು ಮೂರು ಕಾಸಿಗೂ ಲೆಕ್ಕಕ್ಕಿಡದವರು ಒಬ್ಬರೇ, ನಮ್ಮ ಅತ್ತೆ. ಬೇರೆ ಊರಿನಲ್ಲಿದ್ದ ಅವರಿಗೆ ಪುಸ್ತಕ ಆರಿಸಿ ಕಳಿಸುತ್ತಿದ್ದುದು ಮೂರನೇ ಕ್ಲಾಸಿನ ನನ್ನ ಮಗಳು. ಪುಸ್ತಕ ಮುಗಿದ ತಕ್ಷಣ ಅತ್ತೆ ನನ್ನ ಫೋನಿಗೆ ಕರೆ ಮಾಡುತ್ತಿದ್ದರು. "ಮುಗೀತು. ಮುಂದಿನದು ಯಾವುದು?" ನಾನು ಉತ್ಸಾಹದಿಂದ, "ಅತ್ತೆ, ಈಗಷ್ಟೇ ಒಂದು ಒಳ್ಳೇ ಸಾಮಾಜಿಕ ಕಾದಂಬರಿ ಹೊಲಿದು ಮುಗಿಸಿದೆ..." ಎಂದು ಶುರು ಮಾಡಿದರೆ ಸಾಕು, "ನಿಮ್ಮನ್ನಲ್ಲ ಕೇಳಿದ್ದು. ಫೋನ್ ಅವಳಿಗೆ ಕೊಡಿ" ಎನ್ನುತ್ತಿದ್ದರು. ಆಮೇಲೆ ಅಜ್ಜಿ ಮೊಮ್ಮಗಳಿಬ್ಬರೂ ಆ ಕಾದಂಬರಿಯಲ್ಲಿ ಯಾರು ಯಾರನ್ನು ಯಾಕೆ ಕೊಂದರು ಎಂದು ಗಂಟೆಗಟ್ಟಲೆ ಹರಟುತ್ತಿದ್ದರು.

ಆ ಅತ್ತೆ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರು. ಅಲ್ಲಿಂದ ಮನೆಗೆ ಬರಲಿಲ್ಲ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋಗಿ ಎಲ್ಲ ಮುಗಿಸಿಕೊಂಡು ಬಂದೆವು. ಬರುವಾಗ ಮಾವನವರನ್ನು ಕರೆದುಕೊಂಡು ಬಂದೆವು. ಬಾಗಿಲ ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ನಿಂತು ನಾನೊಂದು ಆಜ್ಞೆ ಹೊರಡಿಸಿದೆ. "ನೋಡಿ ಮಾವ, ಮಗು ಮುಂದೆ ಅತ್ತೆ ವಿಷಯ ಎತ್ತಬೇಡಿ. ಇನ್ನೂ ಆಸ್ಪತ್ರೆಯಲ್ಲೇ ಇದ್ದಾರೆ ಅಂತ ಹೇಳಿರೋಣ. ಆಮೇಲೆ ನಿಧಾನವಾಗಿ ನಾನೇ ಹೇಳ್ತೀನಿ."

ಮಾವ ತಲೆಯಾಡಿಸಿದರು. ಒಳಗೆ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಅಂದಿನಿಂದ ಒಂದು ಮಾತಿಲ್ಲ! ಊಟ ಬೇಕೇ ಎಂದರೆ ತಲೆ ಆಡಿಸುವುದು, ಬೇಡವೇ ಎಂದರೂ ಅದೇ. ಹೆಂಡತಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ನನ್ನ "ಆಮೇಲೆ ನಿಧಾನವಾಗಿ" ಮಾತ್ರ ಬರಲೇ ಇಲ್ಲ.

ಅಷ್ಟರಲ್ಲಿ ಮಗಳು ಒಂದು ಪತ್ತೇದಾರಿ ಕಾದಂಬರಿ ತಂದು ನನ್ನ ಕೈಗಿತ್ತಳು.

"ಅಪ್ಪಾ, ಇದನ್ನ ಅಜ್ಜಿಗೆ ಕಳಿಸು. ಆಸ್ಪತ್ರೆಯಲ್ಲಿ ಬೇಜಾರಾಗುತ್ತೆ. ಇದರಲ್ಲಿ ಮೊದಲನೇ ಪುಟದಲ್ಲೇ ಹೆಣ ಬೀಳುತ್ತೆ, ಅಜ್ಜಿಗೆ ತುಂಬ ಖುಷಿಯಾಗುತ್ತೆ."

"ಓ, ಇವತ್ತೇ ಕಳಿಸ್ತೀನಿ!" ಎಂದೆ. ಕಳಿಸುವುದು ಎಲ್ಲಿಗೆ? ಅವಳು ಸ್ಕೂಲಿಗೆ ಹೋದ ಮೇಲೆ ಸ್ಟೂಲು ಹತ್ತಿ ಬೀರುವಿನ ಮೇಲೆ, ಹಳೇ ಸೂಟ್‌ಕೇಸಿನ ಹಿಂದೆ ತಳ್ಳಿದೆ. ಇಳಿಯುವಾಗ ಕಾಲು ನಡುಗುತ್ತಿತ್ತು. ಸ್ಟೂಲಿನ ಕಾಲು ಎಂದು ನನಗೆ ನಾನೇ ಹೇಳಿಕೊಂಡೆ.

ಇಂಥ ಹೊತ್ತಿನಲ್ಲಿ ಮಾಡಿದ್ದು ಆ ಪ್ರತಿಜ್ಞೆ. ಗ್ರಂಥಾಲಯದವರು ರದ್ದಿಗೆ ಹಾಕಿದ ಕಾದಂಬರಿಗಳು ನಮ್ಮ ಮನೆಯಲ್ಲಿ ಒಂದು ಕಪಾಟು ತುಂಬ ಇವೆ. ಮೊದಲಿಗೆ ಮಾವನವರ ತೊಡೆಯ ಮೇಲೆ ಒಂದು ಸಂಸಾರದ ಕಾದಂಬರಿ ಇಟ್ಟೆ. ಅವರು ಓದಿದರು, ನನ್ನ ಎದೆ ಉಬ್ಬಿತು! ಆಮೇಲೆ ನೋಡಿದರೆ ಪುಸ್ತಕ ಮುಚ್ಚಿ ಗೋಡೆ ನೋಡುತ್ತಾ ಕೂತಿದ್ದಾರೆ. ಹೆಂಡತಿ ಅದನ್ನು ಅಡುಗೆಮನೆಗೆ ತಂದು ನನ್ನ ಮೂಗಿನ ಕೆಳಗೆ ಹಿಡಿದಳು.

"ಇದರಲ್ಲಿ ಅಜ್ಜಿ ಸಾಯ್ತಾಳೆ ಅಂತ ನಿಮಗೆ ಗೊತ್ತಿರಲಿಲ್ವಾ?"

"ನಡುವೆ ಸುಕ್ಕಾಗಿತ್ತು. ಮದುವೆ ಇರಬೇಕು ಅಂದುಕೊಂಡೆ."

"ನಿಮ್ಮ ತಲೆ!"

ತಲೆ ಎಂದಳಲ್ಲ, ಆ ತಲೆ ತಕ್ಷಣ ಓಡಿತು. ಸಾವು ತಾನೇ ತೊಂದರೆ? ತೆಗೆದರಾಯಿತು! ಕೈಯಲ್ಲಿ ಕಸುಬಿದೆ. ಹೊಲಿಗೆ ಬಿಚ್ಚು, ಸಾವಿನ ಹಾಳೆ ಎತ್ತು, ಮತ್ತೆ ಹೊಲಿ. ಮಾವನವರಿಗೂ ಕ್ಷೇಮ, ಮಗುವಿಗೂ ಕ್ಷೇಮ. ಇಡೀ ಕಪಾಟಿನಲ್ಲಿ ಯಾರೂ ಸಾಯದ ಹಾಗೆ ಮಾಡುವ ಮಹಾಕಾರ್ಯಕ್ಕೆ ಕೈ ಹಾಕಿದೆ. ಯಮನಿಗೂ ನಮ್ಮ ಮನೆಯಲ್ಲಿ ಕೆಲಸವಿಲ್ಲದಂತೆ ಮಾಡಿಬಿಟ್ಟೆ!

ಓದಲು ಪುರುಸೊತ್ತಿಲ್ಲದ್ದರಿಂದ ಪುಟದ ಮೇಲೆ ಬೆರಳಾಡಿಸುತ್ತಾ ಹೋದೆ. "ಸತ್ತ", "ಹೆಣ", "ಕೊನೆಯುಸಿರು" ಸಿಕ್ಕಲ್ಲಿ ಹಾಳೆ ಹೊರಕ್ಕೆ. ಐತಿಹಾಸಿಕ ಕಾದಂಬರಿ ತೂಕ ಕಳೆದುಕೊಂಡು ಸ್ಕೂಲು ಪುಸ್ತಕದಷ್ಟಾಯಿತು. ಅದರಲ್ಲಿ ಯಾವ ರಾಜನೂ ಸಾಯದೆ ಅಪ್ಪ, ಮಗ, ಮೊಮ್ಮಗ ಮೂವರೂ ಒಂದೇ ಸಿಂಹಾಸನದ ಮೇಲೆ ಒತ್ತರಿಸಿಕೊಂಡು ಕೂತರು. ಪತ್ತೇದಾರಿಯಲ್ಲಿ ಇನ್‌ಸ್ಪೆಕ್ಟರು ಬಂಗಲೆಗೆ ಬಂದು, ಕಾಫಿ ಕುಡಿದು, ಎಲ್ಲರನ್ನೂ ಗದರಿಸಿ, ಯಾಕೆಂದೇ ಗೊತ್ತಿಲ್ಲದೆ ಅಡುಗೆಯವನನ್ನು ಹಿಡಿದುಕೊಂಡು ಹೋದ. ಭೂತದ ಕಾದಂಬರಿಯಲ್ಲಿ ಭೂತ ಹೇಗೆ ಭೂತವಾಯಿತು ಎಂಬ ಹಾಳೆಗಳು ಹೋಗಿ, ಬಿಳಿ ಬಟ್ಟೆಯ ಒಬ್ಬ ಹೆಂಗಸು ಸುಮ್ಮನೆ ಕಂಡವರ ಮನೆಯಲ್ಲಿ ಓಡಾಡುತ್ತಿದ್ದಳು. ವೈಜ್ಞಾನಿಕ ಕಾದಂಬರಿಯಲ್ಲಿ ಸಾಯುವುದು ಭೂಮಿಯೇ ಆದ್ದರಿಂದ ಅರ್ಧ ಪುಸ್ತಕವೇ ಕಿತ್ತು ಬಂತು. ಒಂದು ಮದುವೆಯ ಊಟದ ಅಧ್ಯಾಯ ಪೂರ್ತಿ ಹೋಯಿತು, ಯಾಕೆಂದರೆ ಅಲ್ಲಿ ಯಾರೋ "ಹಸಿವಿನಿಂದ ಸತ್ತೇ ಹೋದೆ ಕಣೋ" ಎಂದಿದ್ದ!

ಮಗಳಿಗೆ ಒಂದು ನಾಯಿಯ ಕಾದಂಬರಿ ಕೊಟ್ಟಿದ್ದೆ. ಅವಳು ಓದುತ್ತಾ ಬಂದು ನಿಂತಳು.

"ಅಪ್ಪಾ, ನಾಯಿ ಎಲ್ಲಿ ಹೋಯ್ತು?"

"ಆಟ ಆಡೋಕೆ ಹೋಗಿರುತ್ತೆ."

"ಯಾವಾಗ ಬರುತ್ತೆ?"

"ಬರುತ್ತೆ ಬರುತ್ತೆ. ಓದು."

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಸರಿ" ಎಂದು ಹೋದಳು.

ಮಾವನವರಿಗೆ ಅಚ್ಚುಕಟ್ಟಾಗಿ ಶುದ್ಧೀಕರಿಸಿದ ಇನ್ನೊಂದು ಕಾದಂಬರಿ ಕೊಟ್ಟೆ. ಅವರು ಒಂದು ಪುಟದಲ್ಲಿ ಬೆರಳಿಟ್ಟುಕೊಂಡು ಕೂತವರು ಮುಂದಕ್ಕೇ ಹೋಗಲಿಲ್ಲ. ಮರುದಿನವೂ ಅದೇ ಪುಟ. ಏನಿದೆ ಎಂದು ಬಗ್ಗಿ ನೋಡಿದೆ. "ಬೆಳಿಗ್ಗೆ ಮಂಚ ಖಾಲಿಯಾಗಿತ್ತು. ಯಾರೋ ಹಾಸಿಗೆ ಮಡಿಸಿಟ್ಟಿದ್ದರು" ಎಂದಿತ್ತು. ಸತ್ತದ್ದಿಲ್ಲ, ಹೆಣವಿಲ್ಲ. ಇದರಲ್ಲೇನಿದೆ ಎಂದು ನನಗೆ ಹೊಳೆಯಲೇ ಇಲ್ಲ. ಇಂಥವನು ನಾನು ಊರಿಗೆಲ್ಲ ಕಾದಂಬರಿ ಹೇಳುವವನು!

ಇನ್ನು ಕಿತ್ತ ಹಾಳೆಗಳ ಗತಿ. ಬೈಂಡರ್ ಆದವನು ಕಾಗದ ಎಸೆಯುವುದಿಲ್ಲ. ಹಳೇ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಅದುಮಿ, ಒಣಗಿಸಿದರೆ ಗಟ್ಟಿ ರಟ್ಟಾಗುತ್ತದೆ. ಕೈ ತನ್ನ ಅಭ್ಯಾಸದಂತೆ ತಾನು ಕೆಲಸ ಮಾಡಿತು. ಮಗಳ ನಾಯಿ ಕಾದಂಬರಿಯ ರಟ್ಟು ಮುರಿದಿತ್ತು. ಕಪಾಟಿನ ಸಾವುಗಳನ್ನೆಲ್ಲ ಮೈದಾ ಅಂಟು ಬಳಿದು ಅದರ ರಟ್ಟಿನೊಳಗೆ ತುಂಬಿದೆ. ಇಟ್ಟಿಗೆಯಷ್ಟು ದಪ್ಪವಾದ ಅದರ ಮೇಲೆ ಚಿಟ್ಟೆ ಚಿತ್ರದ ಕಾಗದ ಅಂಟಿಸಿದೆ. ಎಷ್ಟು ಚೆನ್ನಾಗಿ ಕಾಣುತ್ತಿತ್ತು ಎಂದರೆ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಭಾನುವಾರ ಬೆಳಿಗ್ಗೆ ಹಾಲಿನಂಗಡಿಯಲ್ಲಿ ಸಿಕ್ಕವರಿಗೊಂದು ಕಾದಂಬರಿ ಸೂಚಿಸಿ ಮನೆಗೆ ಬಂದೆ. ಒಳಗೆ ಯಾರೂ ಇಲ್ಲ. ಬಾಲ್ಕನಿಯಿಂದ ಯಾರೋ ಗಂಡಸು ಮಾತಾಡುತ್ತಿರುವ ದನಿ. ತುಕ್ಕು ಹಿಡಿದ ಬಾಗಿಲು ತೆಗೆದ ಹಾಗಿತ್ತು. ಓಡಿ ಹೋಗಿ ನೋಡಿದರೆ, ಕೈಯಲ್ಲಿದ್ದ ಹಾಲಿನ ಪಾಕೀಟು ಜಾರಿ ಬಿತ್ತು!

ಬಟ್ಟೆ ಒಣಹಾಕುವ ಹಗ್ಗದ ಮೇಲೆ ನನ್ನ ಬನಿಯನ್ನುಗಳನ್ನು ಒಂದು ಮೂಲೆಗೆ ತಳ್ಳಿ, ಈ ತುದಿಯಿಂದ ಆ ತುದಿಯವರೆಗೆ ಸಾವುಗಳನ್ನು ಕ್ಲಿಪ್ಪು ಹಾಕಿ ಸಾಲಾಗಿ ನೇತುಹಾಕಿದ್ದರು. ಮಗಳ ಕೈತಪ್ಪಿ ನೀರಿನ ಲೋಟ ಪುಸ್ತಕದ ಮೇಲೆ ಉರುಳಿ, ಮೈದಾ ಅಂಟು ಕರಗಿ, ರಟ್ಟು ಬಾಯಿ ಬಿಟ್ಟಿತ್ತು. ಮುದುಕ ರಾಜ ಒಣಗುತ್ತಿದ್ದ. ಪಕ್ಕದಲ್ಲಿ ಬಂಗಲೆಯ ಯಜಮಾನ ಬೆನ್ನಿಗೆ ಚೂರಿ ಹಾಕಿಸಿಕೊಂಡು ಗಾಳಿಗೆ ಅಲುಗುತ್ತಿದ್ದ. ಆಮೇಲೆ ಭೂಮಿ. ಆಮೇಲೆ ನಾಯಿ. ಮಗಳು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಳು. ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಮಾವನವರು ಕನ್ನಡಕ ಏರಿಸಿಕೊಂಡು, ಒಂದೊಂದೇ ಹಾಳೆಯ ಮುಂದೆ ನಿಂತು, ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

ನನ್ನನ್ನು ನೋಡಿ ಓದು ನಿಲ್ಲಿಸಿದರು.

"ಅಳಿಯಂದ್ರೇ, ಇಷ್ಟೊಂದು ಹೆಣ ಮನೆಯಲ್ಲಿ ಮುಚ್ಚಿಟ್ಟಿದ್ದೀರಲ್ಲ, ಪೊಲೀಸರಿಗೆ ಗೊತ್ತಾ?"

"ಮಾವ! ನಿಮಗೆ ಮಾತು ಬಂತು!"

"ಎಲ್ಲಿಗೆ ಹೋಗಿತ್ತು ಬರೋದಕ್ಕೆ? ಅವಳ ವಿಷಯ ಎತ್ತಬೇಡಿ ಅಂದ್ರಿ. ನನ್ನ ಹತ್ತಿರ ಬೇರೆ ವಿಷಯ ಇರಲಿಲ್ಲ."

ನಾನು ಬಗ್ಗಿ ಹಾಲಿನ ಪಾಕೀಟು ಎತ್ತಿಕೊಂಡೆ. ಅಷ್ಟರಲ್ಲಿ ಮಗಳು ಹಗ್ಗದ ಉದ್ದಕ್ಕೂ ಒಮ್ಮೆ ನೋಡಿ ಕೇಳಿದಳು.

"ಅಪ್ಪಾ, ಅಜ್ಜಿ ಸತ್ತಿದ್ದು ಯಾವ ಹಾಳೆಯಲ್ಲಿದೆ?"

"ಯಾವ... ನಮ್ಮ ಅಜ್ಜಿನಾ? ಅಜ್ಜಿ ಆಸ್ಪತ್ರೆ... ಡಾಕ್ಟರು ಏನಂದ್ರು ಅಂದ್ರೆ..."

"ಆ ಪತ್ತೇದಾರಿ ಕಳಿಸು ಅಂತ ಕೊಟ್ಟೆನಲ್ಲ. ಸಿಕ್ಕಿದ್ರೆ ಅಜ್ಜಿ ಒಂದೇ ದಿನದಲ್ಲಿ ಓದಿ ಫೋನ್ ಮಾಡ್ತಿದ್ಲು, ಮುಂದಿನದು ಯಾವುದು ಅಂತ. ಮಾಡಲೇ ಇಲ್ಲ. ಆಗಲೇ ಗೊತ್ತಾಯ್ತು."

"ಮತ್ತೆ ಯಾಕಮ್ಮ ನನಗೆ ಹೇಳಲಿಲ್ಲ?"

"ನೀನು ಪಾಪ, ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ದೆ."

ಹೆಂಡತಿ ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತಳು. ಈ ಸಲ ನಲ್ಲಿ ಬಿಡಲಿಲ್ಲ. ಮಗಳು ಹೋಗಿ ಅವಳ ಮಡಿಲಲ್ಲಿ ತೂರಿಕೊಂಡು ತಾನೂ ಅತ್ತಳು. ಮಾವನವರು ಅತ್ತೆಯ ಕೊನೆಯ ದಿನಗಳನ್ನು ಹೇಳುತ್ತಾ ಹೋದರು. ಆಸ್ಪತ್ರೆಯ ಮಂಚದಲ್ಲಿ ಮಲಗಿ, ಈ ನರ್ಸಿನ ಮೇಲೆ ನನಗೆ ಅನುಮಾನ ಎಂದು ಪಿಸುಗುಟ್ಟಿದ್ದು, ಮೊಮ್ಮಗಳಿಗೆ ಹೇಳಬೇಕು ಎಂದು ನಕ್ಕಿದ್ದು. ಮಗಳು ಅಳುತ್ತಲೇ, "ಆಮೇಲೆ?" "ಆಮೇಲೆ?" ಎಂದು ಕೇಳಿದಳು. ನಾನು ಹಗ್ಗದ ಹಿಂದೆ ನಿಂತಿದ್ದೆ, ನನ್ನದೇ ಬನಿಯನ್ನಿನಲ್ಲಿ ಮುಖ ಒರೆಸಿಕೊಂಡೆ.

ಹಾಳೆಗಳನ್ನು ಮತ್ತೆ ಅವುಗಳ ಜಾಗಕ್ಕೆ ಹೊಲಿಯುವ ಶಿಕ್ಷೆ ನನಗೇ ಬಿತ್ತು. ಯಾವ ಹೆಣ ಯಾವ ಮನೆಯದು ಎಂದು ತಿಳಿಯಬೇಕಾದರೆ ಪುಸ್ತಕ ಓದಲೇಬೇಕು! ಬದುಕಿನಲ್ಲಿ ಮೊದಲ ಸಲ ಕಾದಂಬರಿಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಆ ಖಾಲಿ ಮಂಚದ ಪುಟವನ್ನೂ ಓದಿದೆ. ಸೂಜಿ ಕೆಳಗಿಟ್ಟು ಅದನ್ನೇ ಮತ್ತೊಮ್ಮೆ ಓದಿದೆ.

ಬೀರುವಿನ ಮೇಲಿನ ಪತ್ತೇದಾರಿ ಕಾದಂಬರಿಯನ್ನು ಇಳಿಸಿ ಮಗಳ ಕೈಗೆ ಕೊಟ್ಟೆ. ಮನೆಯಲ್ಲಿ ನಾನು ಹೊಲಿಗೆ ಬಿಚ್ಚದೆ ಉಳಿದಿದ್ದ ಪುಸ್ತಕ ಅದೊಂದೇ. ಅವಳು ಧೂಳು ಒರೆಸಿ, ಸೀದಾ ಹೋಗಿ ತಾತನ ತೊಡೆಯ ಮೇಲಿಟ್ಟಳು.

ಮರುದಿನ ಸಂಜೆ ಗೋಂದು ಕಲಸುತ್ತಾ ಕೂತಿದ್ದೆ. ಫೋನು ಬಡಿದುಕೊಂಡಿತು. ನೋಡಿದರೆ ಪರದೆಯ ಮೇಲೆ "ಅತ್ತೆ" ಎಂದಿದೆ! ಗೋಂದಿನ ಬೆರಳಲ್ಲೇ ಒತ್ತಿ ಕಿವಿಗಿಟ್ಟುಕೊಂಡೆ.

"ಮುಗೀತು," ಎಂದರು ಮಾವ, ಪಕ್ಕದ ಕೋಣೆಯಿಂದ, ಅತ್ತೆಯ ಫೋನಿನಲ್ಲಿ. "ಮುಂದಿನದು ಯಾವುದು?"

ಬಿಡುವವನೇ ನಾನು? ಈಗಂತೂ ಓದಿ ತಿಳಿದವನು! "ಮಾವ, ಆ ಐತಿಹಾಸಿಕ ಕಾದಂಬರಿಯ ರಾಜನ್ನ ನಿನ್ನೆ ತಾನೇ ವಾಪಸು ಸಾಯಿಸಿದ್ದೀನಿ. ತುಂಬ ಚೆನ್ನಾಗಿ..."

"ನಿಮ್ಮನ್ನಲ್ಲ ಕೇಳಿದ್ದು. ಫೋನ್ ಅವಳಿಗೆ ಕೊಡಿ."

ಕೊಟ್ಟೆ.