ಭಾವನ ಬೋಲ್ಟು

ನಮ್ಮ ಭಾವನ ಹತ್ತಿರ ಒಂದು ಕಾರಿದೆ. ಅದು ಓಡುವುದಿಲ್ಲ. ಆದರೆ ಅದು ನಿಲ್ಲುವ ಹಾಗೆ ಮಂಡ್ಯ ಜಿಲ್ಲೆಯಲ್ಲಿ ಇನ್ನೊಂದು ಕಾರು ನಿಲ್ಲುವುದಿಲ್ಲ! ನಗಬೇಡಿ. ಭಾವನ ಲೆಕ್ಕದಲ್ಲಿ ಎಂಜಿನ್ ಎನ್ನುವುದು ಮದುವೆ ಮನೆಯ ವಾಲಗವಿದ್ದ ಹಾಗೆ, ಇದ್ದರೆ ಸಂತೋಷ. ಬ್ರೇಕು ಮಾತ್ರ ತಾಳಿ, ಅದಿಲ್ಲದೆ ಯಾವ ಮದುವೆ?

“ಓಡೋ ಗಾಡಿನ ಯಾವ್ ನನ್ಮಗ ಬೇಕಾದ್ರೂ ಮಾಡ್ತಾನೆ. ನಿಲ್ಲೋ ಗಾಡಿ ಮಾಡ್ಬೇಕು ಕಣ್ರಲಾ” ಎಂದು ಬೀಗರ ಮುಂದೆಯೂ ಹೇಳಿಬಿಡುತ್ತಾರೆ.

ಭಾವ ಅಂದರೆ ನಮ್ಮ ಯಜಮಾನರ ಅಣ್ಣ. ಮಂಡ್ಯದ ವಿ.ಸಿ. ಫಾರಂ ಕೃಷಿ ಕೇಂದ್ರದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದು ನಿವೃತ್ತರಾದವರು. ಉಳಿದವರು ನಿವೃತ್ತರಾದ ಮೇಲೆ ಕಾಶಿಗೆ ಹೋದರೆ ಇವರು ಕಾರಿನ ಕೆಳಗೆ ಹೋದರು. ಯಾರ ಮನೆಯಲ್ಲಿ ಹಳೇ ಕಾರು ತುಕ್ಕು ಹಿಡಿದು ಕೂತಿದೆ ಅಂತ ಗೊತ್ತಾದರೆ ಸಾಕು, ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು.

ಅವರ ಕಾರು ಇನ್ನೂ ಓಡುತ್ತಿದ್ದ ಕಾಲದಲ್ಲಿ ಒಮ್ಮೆ ಮಳವಳ್ಳಿಯ ಬೀಗರೂಟ ಮುಗಿಸಿ ಎಲ್ಲರೂ ಅದರಲ್ಲೇ ಬರುತ್ತಿದ್ದೆವು. ಬೀಗರು ಪ್ರೀತಿಯಿಂದ ಕೊಟ್ಟ ಕೋಳಿಸಾರಿನ ಪಾತ್ರೆ ಅಕ್ಕನ ತೊಡೆಯ ಮೇಲಿತ್ತು. ಅಕ್ಕ ಅಂದರೆ ಭಾವನ ಹೆಂಡತಿ, ನನ್ನ ಓರಗಿತ್ತಿ. ದಾರಿಗೆ ಅಡ್ಡ ಒಂದು ಕೋಳಿ ಬಂತು. ಭಾವ ಬ್ರೇಕು ಒತ್ತಿದರು. ಕೋಳಿ ಉಳಿಯಿತು, ಸಾರು ಉಳಿಯಲಿಲ್ಲ! ಅಕ್ಕನ ರೇಷ್ಮೆ ಸೀರೆಯಿಂದ ಮಸಾಲೆ ತೊಟ್ಟಿಕ್ಕುತ್ತಿದ್ದರೆ ಈ ಮಹಾನುಭಾವರು ಕೆಳಗಿಳಿದು, ರಸ್ತೆಯ ಮೇಲೆ ನಾಲ್ಕೂ ಚಕ್ರದ ಗುರುತು ಒಂದೇ ಸಮ ಬಿದ್ದಿದೆ, ಬಂದು ನೋಡಿ ಅಂತ ನಮ್ಮನ್ನೆಲ್ಲ ಕರೆದರು.

ಇನ್ನು ಅವರ ಎಣ್ಣೆ. ಹಿಡಿದು ಕೂತ ಬೋಲ್ಟು ಬಿಡಿಸಲು ಸೀಮೆಎಣ್ಣೆ, ಹರಳೆಣ್ಣೆ, ಇನ್ನೂ ಏನೇನೋ ಬೆರೆಸಿ ಟಾನಿಕ್ ಸೀಸೆಯಲ್ಲಿ ತುಂಬಿ ಗೋಡೆಯ ಗೂಡಿನಲ್ಲಿ ಇಟ್ಟಿರುತ್ತಾರೆ. ಪೂರಿಗಾಲಿಯಿಂದ ಬಂದಿದ್ದ ಚಿಕ್ಕಪ್ಪನೊಬ್ಬರು ಅದನ್ನು ನೋವಿನೆಣ್ಣೆ ಎಂದುಕೊಂಡು ಎರಡೂ ಮಂಡಿಗೆ ತಿಕ್ಕಿಕೊಂಡು ಮಲಗಿದರು. ಬೆಳಿಗ್ಗೆ ಎದ್ದು ಸಲೀಸಾಗಿ ಓಡಾಡಿದರು! ಭಾವನಿಗೆ ಆಶ್ಚರ್ಯವೇನೂ ಆಗಲಿಲ್ಲ, ಕೀಲು ಕೀಲೇ ಅಲ್ಲವೇ ಅಂದರು. ಈಗಲೂ ಊರ ಕಡೆಯಿಂದ ಯಾರಾದರೂ ಮಂಡ್ಯಕ್ಕೆ ಬಂದರೆ ಆ ಚಿಕ್ಕಪ್ಪ ಖಾಲಿ ಸೀಸೆ ಕೊಟ್ಟು ಕಳಿಸುತ್ತಾರೆ.

ಇಂಥವರ ಕೈಗೆ ನಮ್ಮ ಮನೆಯ ಕಾರು ಸಿಕ್ಕಿತು.

ನಮ್ಮ ಯಜಮಾನರು ಹೋದ ಮೇಲೆ ಅವರ ಕಾರು ಮದ್ದೂರಿನ ನಮ್ಮ ಮನೆಯಂಗಳದ ತೆಂಗಿನ ಮರದ ಕೆಳಗೆ ಎರಡು ಮಳೆಗಾಲ ನೆನೆಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಕಾಣುತ್ತಿದ್ದದ್ದು ಅದೇ. ಅದನ್ನು ನೋಡಿಕೊಂಡು ಶಾಲೆಗೆ ಹೋಗಿ ಪಾಠ ಮಾಡುವುದು ನನ್ನಿಂದ ಆಗುತ್ತಿರಲಿಲ್ಲ. ಗುಜರಿಗೆ ಹಾಕಿಬಿಡೋಣ ಅಂತ ನಿಶ್ಚಯಿಸಿದೆ. ಅದು ಹೇಗೋ ಭಾವನ ಕಿವಿಗೆ ಬಿತ್ತು. ಮಾರನೇ ದಿನವೇ ಬಸ್ಸು ಹತ್ತಿ ಬಂದರು, ಕಾರಿನ ಕೆಳಗೆ ನುಗ್ಗಿದರು, ನಿಧಿ ಸಿಕ್ಕವರ ಮುಖ ಮಾಡಿಕೊಂಡು ಹೊರಬಂದರು. ಕೆಳಗೆ ಒಂದು ಬೋಲ್ಟೂ ಅಲ್ಲಾಡುವುದಿಲ್ಲವಂತೆ, ಬ್ರೇಕ್ ಪೈಪು ಮುಟ್ಟಿದರೆ ಉದುರುತ್ತವಂತೆ! ಇದಕ್ಕಿಂತ ಸಂತೋಷದ ಸುದ್ದಿ ಬೇಕೇ?

ಒಂದು ವಿಷಯ ಹೇಳಬೇಕು. ನಮ್ಮ ಕಡೆ ಭಾವನಾದವರು ತಮ್ಮನ ಹೆಂಡತಿಯ ಜೊತೆ ಎದುರುಬದುರು ಕೂತು ಮಾತಾಡುವ ವಾಡಿಕೆಯಿಲ್ಲ. ತಮ್ಮನೇ ಇಲ್ಲದ ಮನೆಗಂತೂ ಸುಮ್ಮನೆ ಬಂದು ಹೋಗುವ ಹಾಗೇ ಇಲ್ಲ, ಊರಿಗೆ ಬಾಯಿದೆ. ಭಾವ ಗೇಟಿನಲ್ಲೇ ಕೆಮ್ಮಿ ಜಗುಲಿಯ ಮೇಲೆ ಕೂರುತ್ತಾರೆ, ನನಗೆ ಹೇಳಬೇಕಾದದ್ದನ್ನೆಲ್ಲ ನಮ್ಮ ಬೆಕ್ಕಿಗೆ ಹೇಳುತ್ತಾರೆ. ಹೊಸ ಬ್ರೇಕ್ ಪೈಪನ್ನು ಎಲ್ಲೂ ನುಗ್ಗಾಗದ ಹಾಗೆ ಬಗ್ಗಿಸಬೇಕಿತ್ತು. ದುಂಡಗಿರುವುದು ಏನಾದರೂ ಮನೆಯಲ್ಲಿ ಸಿಗುತ್ತದಾ ಅಂತ ಬೆಕ್ಕನ್ನು ವಿಚಾರಿಸಿದರು. ಬೆಕ್ಕಿನ ಪರವಾಗಿ ನಾನು ಲಟ್ಟಣಿಗೆ ತಂದುಕೊಟ್ಟೆ. ಅವತ್ತಿನಿಂದ ನಮ್ಮ ಮನೆ ಚಪಾತಿಗೆ ಗ್ರೀಸಿನ ವಾಸನೆ.

ಪೈಪಿನೊಳಗಿನ ಗಾಳಿ ತೆಗೆಯುವಾಗ ಕಾರಿನೊಳಗೆ ಕೂತು ಪೆಡಲ್ ಒತ್ತಲು ಒಬ್ಬರು ಬೇಕಿತ್ತು. ಬೆಕ್ಕಿನಿಂದ ಆಗುವ ಕೆಲಸವಲ್ಲ, ನಾನೇ ಕೂತೆ. ಭಾವ ಚಕ್ರದ ಪಕ್ಕ ಮಲಗಿ “ಒತ್ಬೇಕು... ಇಡ್ಕೊಬೇಕು... ಬುಡ್ಬೇಕು” ಅನ್ನುತ್ತಿದ್ದರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ತಲೆ ಹಾಕಿ, ಯೋಗದ ಕ್ಲಾಸು ಯಾರಿಗೆ ಅಂತ ಕೇಳಿದರು. ನನ್ನ ಕಾಲು ಪೆಡಲಿಗೆ ಸರಿಯಾಗಿ ಎಟುಕುತ್ತಿರಲಿಲ್ಲ. ಸೀಟು ಯಜಮಾನರ ಉದ್ದ ಕಾಲಿಗೆ ತಕ್ಕಂತೆ ಹಿಂದಕ್ಕೇ ಇತ್ತು. ಮುಂದಕ್ಕೆ ಎಳೆದುಕೊಳ್ಳಲು ಮನಸ್ಸು ಬರಲಿಲ್ಲ, ಜಾರಿ ಕೂತು ಬೆರಳ ತುದಿಯಲ್ಲೇ ಒತ್ತಿದೆ. ಭಾವ ಸ್ಪ್ಯಾನರ್ ಚೀಲಕ್ಕೆ ಹಾಕಿ, ಇವತ್ತಿಗೆ ಇಷ್ಟು ಸಾಕು ಅಂತ ಚಕ್ರಕ್ಕೆ ಹೇಳಿದರು.

ಕಡೆಗೆ ಉಳಿದದ್ದು ಒಂದು ಬೋಲ್ಟು. ಮುಂದಿನ ಎಡಚಕ್ರದ ಸಸ್ಪೆನ್ಶನ್ನಿನದು, ತುಕ್ಕು ಹಿಡಿದು ಅಲ್ಲೇ ಬೆಸೆದುಕೊಂಡಿತ್ತು. ಅದು ಬರುವ ತನಕ ಚಕ್ರ ಹಾಕುವಂತಿಲ್ಲ. ಪೇಟೆಯ ಗ್ಯಾರೇಜಿನವರು ಗ್ಯಾಸ್ ಕಟರ್ ತಂದು ಕತ್ತರಿಸಿ ಕೊಡುತ್ತೇವೆ ಅಂದರು. ಭಾವ ಕೆಂಡವಾದರು. “ಕತ್ತರ್ಸಕೆ ಅದೇನ್ ಕಬ್ಬಾ?” ದಿನಾ ಎಣ್ಣೆ ಬಿಟ್ಟು ಕಾಯಬೇಕು, ತಾನಾಗಿ ಬರುತ್ತದೆ ಅಂತ ತೀರ್ಪು ಕೊಟ್ಟರು.

ಸರಿ, ದಿನಾ ಶುರುವಾಯಿತು. ನಾನು ಶಾಲೆಯಿಂದ ಬಂದು ಮುಖ ತೊಳೆಯುವಷ್ಟರಲ್ಲಿ ಗೇಟಿನಲ್ಲಿ ಕೆಮ್ಮು. ನಾಲ್ಕು ಹನಿ ಎಣ್ಣೆ ಬಿಡಲು ಮಂಡ್ಯದಿಂದ ಮದ್ದೂರಿಗೆ ಬಸ್ಸು! ಕಾರಿನ ಕೆಳಗೆ ಒಂದಿಷ್ಟು ಹೊತ್ತು ಟಕ್ ಟಕ್, ಆಮೇಲೆ ಜಗುಲಿ. ಬರೀ ಕಾಫಿ ಕೊಟ್ಟು ಕಳಿಸಲಾಗುತ್ತದೆಯೇ? ರೊಟ್ಟಿ ತಟ್ಟಿದೆ. ಒಬ್ಬನೇ ತಿಂದರೆ ಮೈಗೆ ಹತ್ತುವುದಿಲ್ಲ ಅಂತ ಬೆಕ್ಕಿಗೆ ಹೇಳಿ ತಟ್ಟೆ ಮುಟ್ಟದೆ ಕೂತರು. ನಾನೂ ಹೊಸಿಲೊಳಗೆ ತಟ್ಟೆ ಹಾಕಿಕೊಂಡು ಕೂರಬೇಕಾಯಿತು. ಟೀ ಬಿಸ್ಕತ್ತಿನಲ್ಲಿ ರಾತ್ರಿ ಕಳೆದುಬಿಡುತ್ತಿದ್ದ ನನಗೆ ದಿನಾ ಹಿಟ್ಟು ಕಲಸುವ ಕರ್ಮ! ಇದೆಂಥ ಪೀಡೆ ಗಂಟುಬಿತ್ತು ಅಂತ ಸ್ಟಾಫ್ ರೂಮಿನಲ್ಲಿ ಗೋಳು ಹೇಳಿಕೊಂಡೆ. ಆಮೇಲೆ ಅಲ್ಲಿ ನಮಸ್ಕಾರದ ಬದಲು “ಬೋಲ್ಟ್ ಬಂತಾ ಮೇಡಂ?” ಎಂದೇ ಕೇಳತೊಡಗಿದರು.

ಹೋದ ತಿಂಗಳು ಒಂದು ದಿನ ಕೆಮ್ಮು ಕೇಳಿಸಲಿಲ್ಲ. ಭಾವನಿಗೆ ಜ್ವರ ಅಂತ ಅಕ್ಕ ಫೋನು ಮಾಡಿದಳು. ಇಷ್ಟು ದಿನದ ಎಣ್ಣೆ ವ್ಯರ್ಥವಾಗುವುದು ಬೇಡ ಅಂತ ನಾನೇ ಅವರು ಜಗುಲಿಯ ಮೇಲೆ ಇಟ್ಟುಹೋಗಿದ್ದ ಸೀಸೆ, ಸ್ಪ್ಯಾನರ್ ಹಿಡಿದು, ಗೋಣಿಚೀಲ ಹಾಸಿ ಕಾರಿನ ಕೆಳಗೆ ತೂರಿದೆ. ಬೋಲ್ಟಿಗೆ ಕೈ ಹಾಕಿದೆ. ತಿರುಗಿತು! ಸ್ಪ್ಯಾನರೇ ಬೇಕಾಗಲಿಲ್ಲ, ಎರಡು ಬೆರಳಿಗೆ ತಿರುಗಿತು. ಅದು ಹಳೆಯ ಬೋಲ್ಟೇ ಅಲ್ಲ. ಹೊಳೆಯುವ ಹೊಸದು, ಗ್ರೀಸು ಹಚ್ಚಿ ಕೂರಿಸಿದ್ದು.

ಮಲಗಿದಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದೆ. ಬೋಲ್ಟು ಹೊಸದಾಗಿದೆಯಲ್ಲ ಅಂದದ್ದಕ್ಕೆ ಅಕ್ಕ ದನಿ ತಗ್ಗಿಸಿದಳು.

“ಅದು ಸುರು ಮಾಡಿದ್ ವಾರ್ದಲ್ಲೇ ಬಂದೋಯ್ತು ಕಣವ್ವ. ನೀನ್ ನೆಟ್ಟಗೆ ಉಣ್ತಿಲ್ಲ, ಸೊರಗೋಗಿದ್ದೀಯ ಅಂತ ನಿಮ್ ಬಾವುಂಗೆ ಒಂದೇ ಯೋಚ್ನೆ. ದಿನಾ ಬಂದು ಉಂಡ್ಯೇನವ್ವ ಅಂತ ಕೇಳಕೆ ಬಾವ ಆದೋರ್ಗೆ ಆಯ್ತದಾ? ಬೋಲ್ಟ್ ಬುಡಸಕೋಯ್ತೀನಿ ಅಂದ್ರೆ ಯಾರ್ ಏನಂದಾರು?”

ಯಜಮಾನರು ಹೋದಾಗ ಬಂದವರ ಮುಂದೆಲ್ಲ ಗಟ್ಟಿಯಾಗಿದ್ದವಳು ನಾನು. ಅವತ್ತು ಕಾರಿನ ಕೆಳಗೆ, ಗೋಣಿಚೀಲದ ಮೇಲೆ, ಮನಸ್ಸು ಹಗುರಾಗುವ ತನಕ ಅತ್ತೆ. ಆಮೇಲೆ ಬೋಲ್ಟನ್ನು ಮೊದಲಿದ್ದ ಹಾಗೇ ತಿರುಗಿಸಿಟ್ಟು ಹೊರಗೆ ಬಂದೆ.

ಜ್ವರ ಬಿಟ್ಟ ಮೇಲೆ ಭಾವ ಬಂದರು. ಸ್ವಲ್ಪ ಇಳಿದುಹೋಗಿದ್ದರು. ಬೋಲ್ಟು ಏನಾದರೂ ಅಲ್ಲಾಡಿತಾ ಅಂತ ಬೆಕ್ಕನ್ನು ಕೇಳಿದರು.

“ಎಲ್ಲಿ ಬಾವ, ಹಂಗೇ ಕೂತದೆ. ಇನ್ನೂ ಎಣ್ಣೆ ಬೇಕೇನೋ” ಅಂದೆ.

ಭಾವ ಮೊದಲ ಸಲ ನನ್ನ ಮುಖ ನೋಡಿದರು. ಏನು ತಿಳಿಯಿತೋ, ಬಿಟ್ಟಿತೋ.

“ಬತ್ತದೆ ಬುಡವ್ವ. ನಾಳೆನೂ ಬತ್ತೀನಿ” ಅಂದು ಕಾರಿನ ಕೆಳಗೆ ಹೋದರು. ನಾನು ಹಿಟ್ಟು ಕಲಸಲು ಒಳಗೆ ಹೋದೆ.