ಪ್ರೊಫೆ ನಿಮಿಯಾಳ ನಾಲ್ಕು ಮೆಟ್ಟಿಲು

ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ನಿಮಿಯಾ ಓವೆಲಾರ್ ಬಾಯಿಂದ ಜಾರಿದ ಒಂದು ಮಾತು ಸಾನ್ ಬ್ಲಾಸ್ ಊರನ್ನು ಸಂಜೆಯವರೆಗೆ ಕುಣಿಸಿತು. ಮಾತು ಜಾರಿದಾಗ ಅವಳು ನಡು ಬಗ್ಗಿಸಿ ತನ್ನ ವಿದ್ಯಾರ್ಥಿ ಫಬ್ರಿಸಿಯೋನ ಗಾಲಿಕುರ್ಚಿಯನ್ನು ಶಾಲೆಯ ಮೂರನೇ ಮೆಟ್ಟಿಲಿಗೆ ಎಳೆಯುತ್ತಿದ್ದಳು.

ಶಾಲೆ ಎಂದರೆ ಪುರಸಭೆಗೆ ಸೇರಿದ ಹಳೇ ಮನೆಯ ಎರಡು ಕೋಣೆ, ಏಳು ಮಕ್ಕಳು. ಒಬ್ಬನಿಗೆ ನಡೆಯಲಾಗದು, ಒಬ್ಬಳಿಗೆ ಮಾತು ಬಾರದು, ಇನ್ನೊಬ್ಬನಿಗೆ ಸದ್ದು ಕೇಳಿದರೆ ಆಗದು. ಇಂಥ ಮಕ್ಕಳ ಜೊತೆ ಹದಿನೇಳು ವರ್ಷ ಕಳೆದು ಊರವರ ಬಾಯಲ್ಲಿ 'ಪ್ರೊಫೆ', ಅಂದರೆ ಟೀಚರ್, ಆಗಿದ್ದ ನಿಮಿಯಾಗೆ ಮಕ್ಕಳಿಂದ ತಲೆನೋವು ಬಂದದ್ದೇ ಇಲ್ಲ. ತಲೆನೋವು ಬರುತ್ತಿದ್ದುದು ಬಾಗಿಲ ಮುಂದಿನ ನಾಲ್ಕು ಮೆಟ್ಟಿಲುಗಳಿಂದ. ಅಲ್ಲೊಂದು ಇಳಿಜಾರು ಕಟ್ಟಿಕೊಡಿ ಎಂದು ವರ್ಷಕ್ಕೊಂದರಂತೆ ನಾಲ್ಕು ಅರ್ಜಿ ಕೊಟ್ಟಾಗಿತ್ತು. ಇನ್ನೊಂದು ತಲೆನೋವು, ಅವಳನ್ನು ಕಂಡಾಗಲೆಲ್ಲ ಊರವರು ಆಡುವ ಒಂದೇ ಮಾತು. ಆ ದಿನ ಅದನ್ನು ಆಡಿದವಳು ಮೆಟ್ಟಿಲ ಪಕ್ಕ ಚಿಪಾ ರೊಟ್ಟಿಯ ಬುಟ್ಟಿ ಇಟ್ಟು ಕೂತಿದ್ದ ನ್ಯಾ ತೊಮಾಸಾ.

"ಅದೇನ್ ತಾಳ್ಮೆ ಪ್ರೊಫೆ ನಿಮ್ದು. ನನ್ ಕೈಲಂತೂ ಆಗ್ತಿರ್ಲಿಲ್ಲ."

"ನನ್ ಕೈಲೂ ಆಗ್ತಿಲ್ಲ ನ್ಯಾ ತೊಮಾಸಾ. ತಾಳ್ಮೆ ಮುಗ್ದೋಗಿದೆ. ಆ ಕಡೆ ಗಾಲಿ ಸ್ವಲ್ಪ ಹಿಡ್ಕೋತೀರಾ?"

ತೊಮಾಸಾ ಗಾಲಿ ಹಿಡಿಯಲಿಲ್ಲ, ಮಾತು ಹಿಡಿದುಕೊಂಡಳು. ಅರ್ಧ ಬುಟ್ಟಿ ಚಿಪಾ ಖರ್ಚಾಗುವಷ್ಟರಲ್ಲಿ ಆ ಮಾತು ಬಸ್ ನಿಲ್ದಾಣ ತಲುಪಿತ್ತು. ಅಲ್ಲಿ ಅದು "ಪ್ರೊಫೆಗೆ ಸಾಕಾಗಿದೆಯಂತೆ" ಎಂದಾಯಿತು. ಔಷಧಿ ಅಂಗಡಿಯಲ್ಲಿ "ಕೆಲಸ ಬಿಡ್ತಾರಂತೆ" ಎಂದಾಯಿತು. ಮಾರುಕಟ್ಟೆ ದಾಟುವ ಹೊತ್ತಿಗೆ ನಿಮಿಯಾ ಶುಕ್ರವಾರದ ಬಸ್ಸಿಗೆ ಗಡಿಯಾಚೆಯ ಅರ್ಜೆಂಟೀನಾಕ್ಕೆ ಹೊರಟೇಬಿಟ್ಟಿದ್ದಳು.

ಇದೊಂದೂ ನಿಮಿಯಾಗೆ ಗೊತ್ತಿಲ್ಲ. ಅವಳ ಗಮನವೆಲ್ಲ ಅರಾಸೆಲಿಯ ಮೇಲಿತ್ತು. ಹದಿನಾಲ್ಕರ ಅರಾಸೆಲಿಗೆ ಯಾವುದನ್ನು ಕಲಿಯಲೂ ಬೇರೆಯವರಿಗಿಂತ ಹೆಚ್ಚು ಸಮಯ ಬೇಕು, ಕಲಿತದ್ದನ್ನು ಮಾತ್ರ ಅವಳು ಬಿಡುವವಳಲ್ಲ. ಕೈ ತೊಳೆಯುವುದು, ಹಾಡು, ಕತ್ತರಿ ಕೆಲಸ, ಹೀಗೆ ದಿನದ ಕೆಲಸಗಳ ಚಿತ್ರದ ಕಾರ್ಡುಗಳನ್ನು ಹಲಗೆಗೆ ಅಂಟಿಸಿ ತರಗತಿ ನಡೆಸಲು ಎರಡು ತಿಂಗಳು ಅಭ್ಯಾಸ ಮಾಡಿದ್ದಳು. ಈ ಬೆಳಿಗ್ಗೆ ಮೊದಲ ಬಾರಿಗೆ ತರಗತಿ ಅವಳ ಕೈಯಲ್ಲಿತ್ತು. ನಿಮಿಯಾ ಹಿಂದಿನ ಬೆಂಚಿನಲ್ಲಿ ಕೂತಿದ್ದಳು.

ಅರಾಸೆಲಿ ಮೊದಲ ಕಾರ್ಡು ಅಂಟಿಸಿದಳು. ಬಾಗಿಲು ಬಡಿದ ಸದ್ದಾಯಿತು.

ಔಷಧಿ ಅಂಗಡಿಯ ದೋನ್ ಎಲಾದಿಯೋ ನಿಂತಿದ್ದ. ಕೈಯಲ್ಲಿ ತಣ್ಣನೆಯ ತೆರೆರೆ ಪಾನೀಯ, ಅದರ ತುಂಬ ಜಜ್ಜಿದ ಸೊಪ್ಪು.

"ಕುಡೀರಿ ಪ್ರೊಫೆ. ನರ ತಣ್ಣಗಾಗುತ್ತೆ."

"ನನ್ನ ನರಕ್ಕೇನೂ ಆಗಿಲ್ಲ ದೋನ್ ಎಲಾದಿಯೋ. ಪಾಠ ನಡೀತಿದೆ."

"ಏನೂ ಆಗಿಲ್ಲ ಅನ್ನೋದೇ ಅದರ ಮೊದಲ ಲಕ್ಷಣ."

ಅವನನ್ನು ಸಾಗಹಾಕಲು ಬೇರೆ ದಾರಿ ಕಾಣದೆ ನಿಮಿಯಾ ಗಟಗಟ ಕುಡಿದಳು. ನಡುವೆ ನಿಂತ ತರಗತಿಯನ್ನು ಅರಾಸೆಲಿ ಒಪ್ಪುವವಳಲ್ಲ. ಕಾರ್ಡು ಕಿತ್ತು ಮೊದಲಿಂದ ಶುರುಮಾಡಿದಳು. ಮಕ್ಕಳು ಮತ್ತೆ ಕೈ ತೊಳೆದರು. ಅಷ್ಟರಲ್ಲಿ ಫಬ್ರಿಸಿಯೋನ ಅಜ್ಜಿ ನಿದ್ದೆಸೊಪ್ಪಿನ ಕಷಾಯ ಹಿಡಿದು ಬಂದಳು. ಮೂರನೇ ಸಲ ಕೈ ತೊಳೆಯುವಾಗ ಸ್ವತಃ ತೊಮಾಸಾ ಕಿತ್ತಳೆ ಹೂವಿನ ನೀರು ತಂದಳು. "ಊರೆಲ್ಲಾ ಏನೇನೋ ಮಾತಾಡ್ತಿದೆ ಪ್ರೊಫೆ, ಅದ್ಯಾರು ಹಬ್ಬಿಸಿದ್ರೋ" ಎಂದು ಮರುಗಿದಳು.

ಮೂರೂ ಹೊಟ್ಟೆಯಲ್ಲಿ ಕೂಡಿಕೊಂಡವು. ಹತ್ತೂವರೆಗೆ ನಿಮಿಯಾ ಗೋಡೆಗೊರಗಿಸಿದ ಹಿಟ್ಟಿನ ಮೂಟೆಯಂತೆ ಮೆಲ್ಲಗೆ ಬೆಂಚಿನ ಮೇಲೆ ಜಾರಿ ಗೊರಕೆ ಹೊಡೆಯತೊಡಗಿದಳು.

ಅರಾಸೆಲಿ ಕಾರ್ಡುಗಳನ್ನೆಲ್ಲ ತಿರುವಿ ನೋಡಿದಳು. ಪ್ರೊಫೆ ಮಲಗುವುದಕ್ಕೆ ಕಾರ್ಡಿರಲಿಲ್ಲ. 'ಸದ್ದು ಬೇಡ' ಎಂಬುದನ್ನು ಅಂಟಿಸಿ ತರಗತಿ ಮುಂದುವರಿಸಿದಳು.

ಹನ್ನೊಂದಕ್ಕೆ ಊರಿನ ಮೇಯರ್ ದೋನ್ ವಿಲ್ಫ್ರಿದೋ ಕಾರ್ಯದರ್ಶಿಯೊಂದಿಗೆ ಓಡಿಬಂದ. ಚುನಾವಣೆಗೆ ಎರಡು ತಿಂಗಳಿತ್ತು, ಊರೇ ಕೊಂಡಾಡುವ ಪ್ರೊಫೆ ಗಡಿ ದಾಟಿದರೆ ಅವನಿಗೆ ಕಷ್ಟ. ಬಾಗಿಲಲ್ಲಿ ಅರಾಸೆಲಿ ಅಡ್ಡ ನಿಂತಳು.

"ಶ್. ಪ್ರೊಫೆ ಮಲ್ಗಿದಾರೆ. ಕೈ ತೊಳ್ಕೊಳ್ಳಿ."

ಹತ್ತು ವರ್ಷದಿಂದ ಯಾರ ಅಪ್ಪಣೆಯನ್ನೂ ಕೇಳಿರದ ದೋನ್ ವಿಲ್ಫ್ರಿದೋ ಹೋಗಿ ಕೈ ತೊಳೆದುಕೊಂಡ. ತೋರಿಸಿದ ಪುಟ್ಟ ಕುರ್ಚಿಯಲ್ಲಿ ಕೂತ. ಮಂಡಿಗಳು ಕಿವಿಗೆ ತಾಗಿ ಮಿಡತೆಯಂತಾದ. ಪಕ್ಕದಲ್ಲಿದ್ದ ಹತ್ತು ವರ್ಷದ ಫಬ್ರಿಸಿಯೋ ಪಿಸುದನಿಯಲ್ಲಿ ವಿಚಾರಿಸಿದ.

"ಇಳಿಜಾರಿನ ವಿಷಯಕ್ಕೆ ಬಂದ್ರಾ?"

"ಯಾವ ಇಳಿಜಾರಪ್ಪಾ?"

"ನಾಲ್ಕು ಅರ್ಜಿ ಕೊಟ್ಟಿದ್ವಲ್ಲ, ಅದು. ಮೂರನೇದು ನಾನೇ ಬರ್ದಿದ್ದು. ಅಕ್ಷರ ತಿಳೀಲಿಲ್ಲ ಅಂದ್ರೆ ಹೇಳಿ, ಇನ್ನೊಂದ್ಸಲ ಬರ್ದ್ ಕೊಡ್ತೀನಿ."

ಮೇಯರ್ ಕಾರ್ಯದರ್ಶಿಯತ್ತ ನೋಡಿದ. ಕಾರ್ಯದರ್ಶಿ ಹೆಂಚು ಎಣಿಸತೊಡಗಿದ.

ನಿಮಿಯಾ ಕಣ್ಣುಬಿಟ್ಟಾಗ ಮೇಯರ್ ನಾಲಿಗೆ ಕಚ್ಚಿಕೊಂಡು ಕಾಗದದ ಮೀನು ಕತ್ತರಿಸುತ್ತಿದ್ದ, ಅರಾಸೆಲಿ ಬಾಲ ಸರಿಯಿಲ್ಲವೆಂದು ತಿದ್ದಿಸುತ್ತಿದ್ದಳು. ನಿಮಿಯಾ ಎಚ್ಚರಗೊಂಡದ್ದನ್ನು ಕಂಡು ಅವನು ಥಟ್ಟನೆ ಎದ್ದ. ಕುರ್ಚಿಯೂ ಅವನೊಂದಿಗೇ ಎದ್ದಿತು.

"ಪ್ರೊಫೆ, ದಯವಿಟ್ಟು ಹೋಗ್ಬೇಡಿ."

"ಎಲ್ಲಿಗೆ?"

"ಅರ್ಜೆಂಟೀನಾಕ್ಕೆ. ಏನ್ ಬೇಕು ಹೇಳಿ."

ನಿಮಿಯಾ ನಿಜ ಹೇಳಲು ಬಾಯಿ ತೆರೆದಳು. ಫಬ್ರಿಸಿಯೋ ಜೋರಾಗಿ ಕೆಮ್ಮಿದ. ಸುಳ್ಳಾಡಿ ಗೊತ್ತಿಲ್ಲದ ಆ ಹೆಂಗಸು ಒಂದು ಗಳಿಗೆ ಹುಡುಗನನ್ನು ನೋಡಿ, ನೆಲ ನೋಡಿ, "ಇಳಿಜಾರಾದ್ರೆ ಯೋಚ್ನೆ ಮಾಡ್ತೀನಿ" ಎಂದಳು.

ನಾಲ್ಕು ವರ್ಷ ಆಗದ ಕೆಲಸ ಮಧ್ಯಾಹ್ನ ಎರಡಕ್ಕೆ ಶುರುವಾಯಿತು. ಇಬ್ಬರು ಗಾರೆಯವರು ದುಡಿದರೆ ಮೂವತ್ತು ಜನ ನಿಂತು ದಾರಿ ತೋರಿಸಿದರು. ನಾಲ್ಕು ಗಂಟೆಗೆ ಮೆಟ್ಟಿಲುಗಳ ಮೇಲೆ ನುಣ್ಣಗೆ ಇಳಿಜಾರು ಮಲಗಿತ್ತು. ಚಪ್ಪಾಳೆ ಬಿತ್ತು. ಒಳಗಿನಿಂದ ನಿಮಿಯಾಳ ದನಿ ಕೇಳಿತು.

"ಏಳು ಮಕ್ಕಳು ಒಳಗಿದಾರೆ. ಮನೆಗೆ ಹೋಗೋ ಹೊತ್ತು."

"ಎರಡು ದಿನ ಯಾರೂ ಕಾಲಿಡೋ ಹಾಗಿಲ್ಲ," ಎಂದ ಗಾರೆಯವನು.

ಇದ್ದದ್ದು ಅದೊಂದೇ ಬಾಗಿಲು. ಹಿಂದಿನ ಕಿಟಕಿ ತೆರೆಸಿದರು. ಬೆಳಗಿನಿಂದ ಔಷಧ ತಂದವರೆಲ್ಲ ಕೆಳಗೆ ನಿಂತು ಕೈಚಾಚಿದರು. ನಿಮಿಯಾ ಒಳಗಿನಿಂದ ಒಬ್ಬೊಬ್ಬರನ್ನಾಗಿ ದಾಟಿಸಿದಳು. ಸದ್ದೆಂದರೆ ಆಗದ ಹುಡುಗ ಹೊರಬರುವವರೆಗೆ ಅರಾಸೆಲಿ 'ಸದ್ದು ಬೇಡ' ಕಾರ್ಡನ್ನು ಕಿಟಕಿಯಲ್ಲಿ ಎತ್ತಿ ಹಿಡಿದಿದ್ದಳು. ಮೂವತ್ತು ದೊಡ್ಡವರು ಬಾಯಿ ಮುಚ್ಚಿಕೊಂಡು ನಿಂತದ್ದನ್ನು ಸಾನ್ ಬ್ಲಾಸ್ ಅಂದೇ ಮೊದಲು ಕಂಡದ್ದು. ಫಬ್ರಿಸಿಯೋ ಔಷಧಿ ಅಂಗಡಿಯವನ ತೋಳಿಗೆ ಇಳಿದಾಗ ಮಾತ್ರ ಅಂದ, "ಇಳಿಜಾರಿಲ್ದೇ ಇದ್ದಾಗ ಬಾಗಿಲಿಂದ ಹೋಗ್ತಿದ್ದೆ."

ಕೊನೆಗೆ ಗಾಲಿಕುರ್ಚಿ, ಅದರ ಹಿಂದೆ ಲಂಗಕ್ಕೆ ಮೊಳೆ ತಾಗಿಸಿಕೊಂಡು ನಿಮಿಯಾ.

ಮುಂದಿನ ರಸ್ತೆಯಲ್ಲಿ ಮೇಯರ್ ಭಾಷಣಕ್ಕೆ ನಿಂತಿದ್ದ. "ಈಗ ಪ್ರೊಫೆ ನಿಮ್ಮೆಲ್ಲರ ಮುಂದೆ ಮಾತು ಕೊಡ್ಲಿ" ಎಂದ. ಹರಿದ ಲಂಗವನ್ನು ಒಂದು ಕೈಯಲ್ಲಿ ಹಿಡಿದು ನಿಮಿಯಾ ಮಾತು ಕೊಟ್ಟಳು. ಈ ಮಕ್ಕಳನ್ನು, ಈ ಊರನ್ನು ಯಾವತ್ತೂ ಬಿಟ್ಟುಹೋಗುವುದಿಲ್ಲ. ಜನ ಕಣ್ಣೊರೆಸಿಕೊಂಡರು. ಹಸಿ ಸಿಮೆಂಟಿನ ಇಳಿಜಾರು ನಿಮಿಯಾಳ ಕಣ್ಣಿಗೂ ಬಲು ಚೆಂದ ಕಾಣುತ್ತಿತ್ತು.

ಆಗ ಕಾರ್ಯದರ್ಶಿ ಕಾಗದವೊಂದನ್ನು ಹಿಡಿದು ಬಂದು ಮೇಯರ್ ಕಿವಿಯಲ್ಲಿ ಏನೋ ಹೇಳಿದ. ಮೇಯರ್ ಮುಖ ಅರಳಿತು.

"ಇನ್ನೊಂದು ಸಂತೋಷದ ಸುದ್ದಿ. ವೃದ್ಧರ ಪಿಂಚಣಿ ಇನ್ಮೇಲೆ ಇಳಿಜಾರಿರೋ ಕಟ್ಟಡದಲ್ಲೇ ಕೊಡಬೇಕು, ಇಲ್ದಿದ್ರೆ ಕಚೇರಿ ಪಕ್ಕದೂರಿಗೆ ಅಂತ ರಾಜಧಾನಿಯಿಂದ ಆದೇಶ ಬಂದಿತ್ತು. ಊರಲ್ಲಿ ಇಳಿಜಾರಿರೋ ಕಟ್ಟಡ ಇದೊಂದೇ. ಸೋಮವಾರದಿಂದ ಪಿಂಚಣಿ ಕಚೇರಿ ಇಲ್ಲೇ."

ಮುದುಕರೆಲ್ಲ ಚಪ್ಪಾಳೆ ತಟ್ಟಿದರು. ಅವರಲ್ಲಿ ಫಬ್ರಿಸಿಯೋನ ಅಜ್ಜಿಯೂ ಇದ್ದಳು. ಮೊಮ್ಮಗನ ನೆನಪಾಗಿ ನಡುವೆ ನಿಲ್ಲಿಸಿದಳು.

"ಮತ್ತೆ ಶಾಲೆ?" ಎಂದಳು ನಿಮಿಯಾ.

"ಪಿಂಚಣಿ ಕಚೇರಿಯ ಹಳೇ ಜಾಗ ಖಾಲಿ ಆಗುತ್ತಲ್ಲ ಪ್ರೊಫೆ, ಅದು ಪೂರ್ತಿ ನಿಮ್ಗೇ. ದೊಡ್ಡ ಕೋಣೆ, ಒಳ್ಳೆ ಗಾಳಿ."

"ಅದು ಮಹಡಿ ಮೇಲಿದೆ."

"ಅದಕ್ಕೇ ಗಾಳಿ."

ಹಾಗಾದರೆ ನಾನು ಊರು ಬಿಡ್ತೀನಿ ಎನ್ನಲು ನಿಮಿಯಾ ಬಾಯಿ ತೆರೆದಳು. ಅವಳ ಮಾತಿಗೆ ಐದೇ ನಿಮಿಷದ ಹಿಂದೆ ಕಣ್ಣೊರೆಸಿಕೊಂಡಿದ್ದ ಊರೆಲ್ಲ ಅವಳನ್ನೇ ನೋಡುತ್ತಿತ್ತು. ಬಾಯಿ ಮುಚ್ಚಿದಳು.

"ಎಷ್ಟು ಮೆಟ್ಟಿಲು?" ಎಂದು ಕಾರ್ಯದರ್ಶಿಯನ್ನು ಕೇಳಿದಳು.

"ಇಪ್ಪತ್ತೆರಡು ಪ್ರೊಫೆ," ಎಂದ ಅವನು ವಿನಯದಿಂದ. "ಆದ್ರೆ ನಡುವೆ ಒಂದು ತಿರುವಿದೆ. ಅಲ್ಲಿ ನಿಂತು ಸುಧಾರಿಸ್ಕೋಬಹುದು."