ಒಂದು ಸ್ಟಾರಿನ ದೂರು

ಬೆಳಿಗ್ಗೆ ಏಳು ಗಂಟೆಗೆ ಲಿಫ್ಟ್ ತಪಾಸಕ ತನ್ನ ಜೀವಮಾನದ ಮೊದಲ ದೂರು ಬರೆದ. ದೂರು ಪೂರ್ತಿ ಸುಳ್ಳಾಗಿತ್ತು.

ಹಿಂದಿನ ತಿಂಗಳು ಅವನು ಚಾರಣ ಕಂಪನಿಯೊಂದರ ತಂಡದ ಜೊತೆ ಬೆಟ್ಟ ಹತ್ತಿ ಬಂದಿದ್ದ. ಮೇಲೆ ಹೋಗುವುದು ಅವನಿಗೆ ಹೊಸದಲ್ಲ. ನಡೆದು ಹೋಗುವುದು ಹೊಸದು. ಅಲ್ಲಿ ಎಲ್ಲರೂ ಒಂದೇ ಹಗ್ಗ ಹಿಡಿದು ಹತ್ತಿದರು, ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡರು. ಹಳ್ಳ ದಾಟುವಾಗ ಯಾರೋ ಅವನ ಕೈ ಹಿಡಿದುಕೊಂಡಿದ್ದರು. ವಾಪಸು ಬಂದು ವ್ಯಾನಿನಿಂದ ಇಳಿಯುವಾಗ "ಫೋನ್ ಮಾಡ್ತೀವಿ, ಸಿಗೋಣ" ಎಂದವರು ಕಲ್ಲು ಬಿದ್ದ ಮರದ ಹಕ್ಕಿಗಳಂತೆ ಚದುರಿದರು. ಒಬ್ಬರೂ ಫೋನ್ ಮಾಡಲಿಲ್ಲ. ತಂಡದ ವಾಟ್ಸಾಪ್ ಗುಂಪಿಗೆ ಅವನು ಹಾಕಿದ ಫೋಟೋಗಳಿಗೆ ಒಂದು ಹೆಬ್ಬೆರಳೂ ಬರಲಿಲ್ಲ.

"ಪ್ರವಾಸ ಹೇಗಿತ್ತು? ಸ್ಟಾರ್ ಕೊಡಿ" ಎಂದು ಕಂಪನಿ ಸಂದೇಶ ಕಳಿಸಿದಾಗ ಉಪಾಯ ಹೇಳಿಕೊಟ್ಟವರು ಕೆಳಮನೆಯ ನಿವೃತ್ತ ಟೀಚರ್.

"ಐದು ಸ್ಟಾರ್ ಕೊಟ್ರೆ ಯಾರು ಮೂಸಿ ನೋಡ್ತಾರೆ? ನಾನು ಫ್ರಿಜ್ಜಿಗೆ ಒಂದೇ ಕೊಟ್ಟೆ. ಅವರ ಮ್ಯಾನೇಜರ್ ಅರ್ಧ ಗಂಟೆ ಮಾತಾಡಿದ. ನನ್ನ ಮಂಡಿನೋವನ್ನೂ ವಿಚಾರಿಸಿದ!"

ಅವನೂ ಒಂದು ಸ್ಟಾರ್ ಒತ್ತಿದ. ಆದರೆ 'ಬಂದ ಮೇಲೆ ಯಾರೂ ಮಾತಾಡಿಸಲಿಲ್ಲ' ಎಂದು ಬರೆಯಲು ಸಂಕೋಚ. ಅದಕ್ಕೆ ಹೀಗೆ ಬರೆದ: ಜೊತೆಯವರದು ವಿಪರೀತ ಗಲಾಟೆ. ಡೇರೆಯಲ್ಲಿ ಗೊರಕೆ. ಮಾರ್ಗದರ್ಶಿಯ ಬಾಯಿಗೆ ಬೀಗವಿಲ್ಲ.

ಫೋನ್ ಬಂದಾಗ ಅವನು ಕಚೇರಿ ಕಟ್ಟಡವೊಂದರಲ್ಲಿ, ಲಿಫ್ಟಿನ ನೆತ್ತಿಯ ಮೇಲೆ ಕುಳಿತು ಉಕ್ಕಿನ ಹಗ್ಗ ಪರೀಕ್ಷಿಸುತ್ತಿದ್ದ. ಸಂಭ್ರಮದಲ್ಲಿ ಲಿಫ್ಟನ್ನು ಎರಡು ಮಹಡಿಗಳ ನಡುವೆ ನಿಲ್ಲಿಸಿಬಿಟ್ಟ. ಬಾಗಿಲಿಗೆ 'ತಪಾಸಣೆ ನಡೆಯುತ್ತಿದೆ' ಎಂಬ ಫಲಕ ಹಾಕಲು ಮರೆತಿದ್ದರಿಂದ ಒಳಗೊಬ್ಬ ಅಕೌಂಟೆಂಟ್ ಮೇಡಂ ಇದ್ದರು.

"ಸಾರ್, ಎಲ್ಲಿ ತಪ್ಪಾಯ್ತು, ಮನಸ್ಸು ಬಿಚ್ಚಿ ಹೇಳಿ," ಎಂದ ಚಾರಣ ಕಂಪನಿಯ ಮ್ಯಾನೇಜರ್.

ಮನಸ್ಸು ಬಿಚ್ಚು ಎಂದು ಅವನಿಗೆ ಯಾರೂ ಹೇಳಿದ್ದಿಲ್ಲ. "ಅದು... ಆ ಗೊರಕೆ..."

"ಯಾರ್ರೀ ಅದು ಮೇಲೆ?" ಲಿಫ್ಟಿನೊಳಗಿಂದ ಮೇಡಂ ಕೂಗಿದರು.

"ಒಂದ್ನಿಮಿಷ ಮೇಡಂ, ಗೊರಕೆ ವಿಷಯ ಮಾತಾಡ್ತಿದೀನಿ."

"ಗೊರಕೆನಾ? ಬಿಡಲೇಬೇಡಿ! ನಮ್ಮನೆಯವರು ಶುರು ಮಾಡಿದ್ರೆ ಅಡುಗೆಮನೇಲಿ ಪಾತ್ರೆ ಅಲ್ಲಾಡ್ತವೆ. ಒಬ್ನೇ ಮಲಗ್ತೀನಿ ಅಂತ ಖಡಾಖಂಡಿತ ಹೇಳ್ಬಿಡಿ!"

"ಮನೆಯಲ್ಲೂ ತುಂಬಾ ಬೇಜಾರಾಗಿರೋ ಹಾಗಿದೆ," ಎಂದ ಫೋನಿನಲ್ಲಿ ಹೆಣ್ಣುದನಿ ಕೇಳಿಸಿಕೊಂಡ ಮ್ಯಾನೇಜರ್ ಗಾಬರಿಯಿಂದ. "ಸಂಜೆ ನಮ್ಮವರನ್ನ ನಿಮ್ಮನೆಗೇ ಕಳಿಸ್ತೀನಿ ಸಾರ್."

"ಮನೆಗಾ!" ಲಿಫ್ಟ್ ತಪಾಸಕ ಲಿಫ್ಟಿನಿಂದ ಬೀಳುವುದೊಂದು ಬಾಕಿ.

ಕೊನೆಗೂ ಹೊರಬಂದ ಮೇಡಂ ಅವನ ಮೇಲೇ ಒಂದು ದೂರು ಕೊಟ್ಟು ಹೋದರು. ಅವನಿಗೆ ಅದು ತಾಗಲೇ ಇಲ್ಲ. ಮನೆಗೆ ಓಡಿ ನೆಲ ಒರೆಸಿದ. ಮನೆಯಲ್ಲಿದ್ದದ್ದು ಒಂದೇ ಕುರ್ಚಿ. ಟೀಚರ್ ಮನೆಯಿಂದ ಮೂರು ಕುರ್ಚಿ ಕೇಳಿ ತಂದ. ಕುರ್ಚಿಗಳ ಹಿಂದೆಯೇ ಟೀಚರೂ ಬಂದರು.

ಬಂದವರು ಇಬ್ಬರು: ಮಾರ್ಗದರ್ಶಿ ಮತ್ತು ಡೇರೆಯಲ್ಲಿ ಅವನ ಪಕ್ಕದಲ್ಲಿ ಮಲಗಿದ್ದ ದಂತವೈದ್ಯರು.

"ಅಣ್ಣಾ, ಇನ್ಮೇಲೆ ದಾರೀಲಿ ನಾನು ತುಟಿ ಪಿಟಕ್ ಅನ್ನಲ್ಲ," ಎಂದ ಮಾರ್ಗದರ್ಶಿ.

"ನಾನು ಮೂಗು ತೋರಿಸೋಕೆ ಡಾಕ್ಟರ ಹತ್ರ ಹೋಗ್ತಿದೀನಿ," ಎಂದರು ದಂತವೈದ್ಯರು, ತಲೆ ತಗ್ಗಿಸಿ. "ಶನಿವಾರ ನಾವೆಲ್ಲ ಮತ್ತೆ ಹೊರಟಿದೀವಿ. ನಿಮ್ಮನ್ನೂ ಕರೆಯೋಣ ಅಂತಿದ್ವಿ. ಅಷ್ಟರಲ್ಲಿ ನಿಮ್ಮ ದೂರು ಓದಿದ್ವಿ."

ಲಿಫ್ಟ್ ತಪಾಸಕ ಕುರ್ಚಿಯಿಂದ ಎದ್ದೇಬಿಟ್ಟ. "ಅದೆಲ್ಲ ಸುಳ್ಳು ಸಾರ್! ನಿಮ್ಮ ಗೊರಕೆ ಕೇಳಿಸ್ತಾ ಇದ್ರೆ ನಂಗೆ ಒಳ್ಳೆ ನಿದ್ದೆ ಬರ್ತಿತ್ತು. ನಾನೂ ಬರ್ತೀನಿ, ನಿಮ್ಮ ಜೊತೇನೇ—"

"ನೀವು ಸುಮ್ನಿರಿ," ಎಂದು ಟೀಚರ್ ತಡೆದರು. ಬಂದವರ ಕಡೆ ತಿರುಗಿದರು. "ಪಾಪ, ದಾಕ್ಷಿಣ್ಯದ ಮನುಷ್ಯ. ಇವರಿಗೆ ಜನ ಅಂದ್ರೇ ಆಗಲ್ಲ. ಇಷ್ಟು ವರ್ಷದಲ್ಲಿ ಈ ಮನೆಗೆ ಒಂದು ನರಪಿಳ್ಳೆ ಬಂದಿದ್ದನ್ನ ನಾನು ನೋಡಿಲ್ಲ!"

ಇಬ್ಬರೂ ಅರ್ಥವಾಯಿತೆಂಬಂತೆ ತಲೆಯಾಡಿಸಿದರು. ಮಾರ್ಗದರ್ಶಿ ಬಾಲ್ಕನಿಗೆ ಹೋಗಿ ಮ್ಯಾನೇಜರಿಗೆ ಫೋನ್ ಮಾಡಿ, ಮುಖ ಅರಳಿಸಿಕೊಂಡು ಬಂದ.

"ಆಯ್ತಣ್ಣಾ! ಶನಿವಾರ ನಿಮಗೂ ಒಂದು ಟ್ರಿಪ್, ಪೂರಾ ಉಚಿತ. ಬೇರೆ ಬೆಟ್ಟ, ಬೇರೆ ದಾರಿ. ನಿಮ್ಮೊಬ್ಬರಿಗೇ!"

ಟೀಚರ್ ಚಪ್ಪಾಳೆ ತಟ್ಟಿದರು. "ನೋಡಿದ್ರಾ, ನಾನು ಹೇಳಿರಲಿಲ್ವಾ?"

ಲಿಫ್ಟ್ ತಪಾಸಕ "ಬಹಳ ಉಪಕಾರ" ಎಂದ. ಅವನಿಗೆ ತೊಂದರೆ ಕೊಡಬಾರದೆಂದು ಅವರು ಚಹಾ ಕುಡಿಯದೆ ಎದ್ದರು.

ಶನಿವಾರ ಮುಂಜಾನೆ ಕಂಪನಿಯ ದೊಡ್ಡ ವ್ಯಾನ್ ಅವನ ಮನೆ ಮುಂದೆ ನಿಂತಿತು. ಒಳಗೆ ಚಾಲಕನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು.